ಮಾಷ್ ಬಂದ್ರು ಎಂದು ಕೂಗಿದ್ದು ನಾನೇ

ಹೌದು, ಅವತ್ತು ‘ಮಾಷ್ ಬಂದ್ರು’ ಎಂದು ಕೂಗಿದ್ದು ನಾನೇ. ಮಾಷ್ ಬಂದಿರಲಿಲ್ಲ. ಆಮೇಲೆ ವಸಂತ ಕೇಳಿದಾಗ ‘ನಾನು ಎಂತದ್ದೂ ಹೇಳ್ಲಿಲ್ಲ’ ಎಂದವನೂ ನಾನೇ. ಕೂಗಿದ್ದು ಹುಡುಗಾಟ — ಅದನ್ನು ಬೇಕಾದರೆ ವಯಸ್ಸಿನ ತಲೆಗೆ ಕಟ್ಟಬಹುದು. ಹೇಳಲಿಲ್ಲ ಎಂದದ್ದು... ಅದನ್ನು ಯಾರ ತಲೆಗೆ ಕಟ್ಟುವುದು?

ನಮ್ಮ ಊರು ಶಿರಿಯದಲ್ಲಿ ನಾವಿಬ್ಬರೂ ಒಂದೇ ಗಾನಮೇಳದವರು. ವಸಂತ ಗಿಟಾರ್ ನುಡಿಸುತ್ತಿದ್ದ, ನಾನು ಮೈಕು, ವೈರು ಎಂದು ಓಡಾಡುತ್ತಿದ್ದೆ. ನಮ್ಮಿಬ್ಬರಿಗೂ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಮಾಷ್ — ನಮ್ಮ ಕಡೆ ಮೇಷ್ಟ್ರನ್ನು ಹಾಗೆಯೇ ಕರೆಯುವುದು — ತಮ್ಮ ಮನೆಯ ಚಾವಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಹಳೆಯ ರೇಡಿಯೋಗಳ ಗಾಜಿನ ವಾಲ್ವ್ ಹಾಕಿ ಗಿಟಾರಿಗೆ ಆಂಪ್ಲಿಫೈಯರ್ ಕಟ್ಟುವುದನ್ನು ನಮಗೆ ಹೇಳಿಕೊಟ್ಟವರು ಅವರೇ. ಕಟ್ಟುವುದೇನೋ ಕಟ್ಟಬಹುದು. ಕಟ್ಟಿ ಮುಗಿಸಿ ಮೊದಲ ಸಲ ಕರೆಂಟು ಕೊಟ್ಟು ಒಳಗಿನ ವೋಲ್ಟೇಜ್ ಅಳೆಯುತ್ತೇವಲ್ಲ, ಗಂಡಾಂತರ ಇರುವುದು ಅಲ್ಲಿ. ಮನೆಯ ಪ್ಲಗ್ಗಿನಲ್ಲಿ ಬರುವುದರ ಹೆಚ್ಚುಕಡಿಮೆ ಇಮ್ಮಡಿ ಅದರೊಳಗೆ ಇರುತ್ತದೆ. ಸ್ವಿಚ್ ಆರಿಸಿದರೂ ಕೆಪಾಸಿಟರುಗಳಲ್ಲಿ ಉಳಿದು ಕಾಯುತ್ತಿರುತ್ತದೆ.

ಅದಕ್ಕೆ ಮಾಷ್ ಒಂದು ಕ್ರಮ ಹಾಕಿಕೊಟ್ಟಿದ್ದರು. ಮೊದಲು ಕರೆಂಟನ್ನು ಒಂದು ಬಲ್ಬಿನ ಮೂಲಕ ಹಾಯಿಸಬೇಕು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್, ಕೂಡಲೇ ಆರಿಸಬೇಕು. ಮೀಟರಿನ ಕಪ್ಪು ವೈರನ್ನು ಆಂಪ್ಲಿಫೈಯರಿನ ತಗಡಿಗೆ ಕ್ಲಿಪ್ ಹಾಕಿ ಬಿಟ್ಟುಬಿಡಬೇಕು. ಕೆಂಪು ಕಡ್ಡಿ ಬಲಗೈಯಲ್ಲಿ. ಎಡಗೈ ಬೆನ್ನ ಹಿಂದೆ. ಎರಡು ಕೈಯೂ ಒಳಗಿದ್ದರೆ ಒಂದು ಕೈಯಿಂದ ಹೊಕ್ಕ ಕರೆಂಟು ಎದೆಯನ್ನು ದಾಟಿ ಇನ್ನೊಂದರಿಂದ ಹೋಗುತ್ತದೆ. ಆ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ ಎಂದು ಪುಸ್ತಕಗಳಲ್ಲಿ ಇದೆಯಂತೆ. ಲುಂಗಿಯವರಿಗೆ ಎಲ್ಲಿಯ ಜೇಬು! ಹಾಗಾಗಿ ನಮಗೆ ಬೆನ್ನು.

ಲುಂಗಿಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೆಲಸಕ್ಕೆ ಕೂತವರು ಅದನ್ನು ಮೊಣಕಾಲಿಗಿಂತ ಮೇಲೆ ಎತ್ತಿ ಕಟ್ಟಿರುತ್ತಾರೆ. ದೊಡ್ಡವರು ಎದುರಾದರೆ ಇಳಿಸಬೇಕು. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ವಸಂತನ ಕೈಯಂತೂ ಮಾಷ್ ಬೀದಿಯ ಆಚೆ ಬದಿಯಲ್ಲಿ ಹೋದರೂ ಲುಂಗಿಗೆ ಹೋಗುತ್ತಿತ್ತು. ನನಗೆ ಅದು ದೊಡ್ಡ ತಮಾಷೆ.

ಅವತ್ತು ಮಾಷ್ ಪೇಟೆಗೆ ಹೋಗಿದ್ದರು. ವಸಂತ ತಾನು ಕಟ್ಟಿದ ಮೊದಲ ಆಂಪ್ಲಿಫೈಯರನ್ನು ಅಳೆಯುತ್ತಿದ್ದ. ಎಲ್ಲವನ್ನೂ ಕ್ರಮವಾಗಿಯೇ ಮಾಡಿದ್ದ. ಬಲ್ಬು ಮಂಕಾಯಿತು, ಕ್ಲಿಪ್ ಹಾಕಿತ್ತು, ಎಡಗೈ ಬೆನ್ನ ಹಿಂದೆ ಇತ್ತು. ಬಾಗಿಲ ಹತ್ತಿರ ಕೂತಿದ್ದ ನನಗೆ ಅವನ ಆ ಶಿಸ್ತನ್ನು ನೋಡಿಯೇ ತಡೆಯಲಾಗಲಿಲ್ಲವೋ ಏನೋ. ‘ಏ, ಮಾಷ್ ಬಂದ್ರು!’ ಎಂದೆ.

ಎಡಗೈ ಲುಂಗಿಗೆ ಬಂತು. ಮೈ ಬಗ್ಗಿತು. ಬಲಗೈಯ ಬೆರಳು ಕಡ್ಡಿಯಿಂದ ಜಾರಿ ಕೆಪಾಸಿಟರಿನ ಮೇಲೆ ಬಿತ್ತು, ಎಡ ಮೊಣಕೈ ತಗಡಿಗೆ ತಾಗಿತು. ಅವನ ಬಾಯಿಂದ ಬಂದ ಶಬ್ದವನ್ನು — ಬೇಡ. ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದ. ನಾನು ಪ್ಲಗ್ ಕಿತ್ತೆ. ಜೀವ ಉಳಿದದ್ದು ನಮ್ಮ ಪುಣ್ಯ, ಅಷ್ಟೇ.

ಸುಧಾರಿಸಿಕೊಂಡ ಮೇಲೆ ಅವನು ಕೇಳಿದ ಮೊದಲ ಮಾತು: ‘ಮಾಷ್ ಎಲ್ಲಿ? ಬಂದ್ರು ಅಂತ ನೀನು ಹೇಳಿದ್ದಲ್ವಾ?’

‘ನಾನು ಎಂತದ್ದೂ ಹೇಳ್ಲಿಲ್ಲ ಮಾರಾಯ. ನಿನಗೆ ಎಂತದೋ ಕೇಳಿದ್ದು.’

ಇಷ್ಟೇ. ಹೆದರಿಕೆಯಿಂದ ಹೇಳಿದೆ. ಸಂಜೆ ನಿಜ ಹೇಳಬಹುದಿತ್ತು, ಮರುದಿನ ಹೇಳಬಹುದಿತ್ತು. ಮಾಷ್ ಬಂದು ಎಡಗೈ ಯಾಕೆ ಮುಂದೆ ಬಂತು ಎಂದು ವಿಚಾರಿಸಿದಾಗಲಾದರೂ ಹೇಳಬಹುದಿತ್ತು. ವಸಂತ ಪಾಪ, ನೀವು ಬಂದ ಹಾಗೆ ಕೇಳಿತು ಮಾಷೇ ಎಂದ. ಮಾಷ್ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ‘ಇಲ್ಲದ್ದು ಕೇಳುವ ಕಿವಿ ಇಟ್ಟುಕೊಂಡು ಈ ಕೆಲಸಕ್ಕೆ ಕೂರ್ಬೇಡ ವಸಂತ. ಸಾಯ್ತಿ’ ಎಂದರು ಅವರು. ಅವನ ಜಾಗ ಖಾಲಿಯಾಯಿತು. ಮಾಷ್ ಎಲ್ಲವನ್ನೂ ನನಗೊಬ್ಬನಿಗೇ ಕಲಿಸಿದರು. ಇವತ್ತು ನನ್ನ ಅಂಗಡಿ ನಡೆಯುತ್ತಿರುವುದು ಆ ವಿದ್ಯೆಯಿಂದ.

ಇದಾದರೂ ಸಾಕಿತ್ತು. ನನ್ನ ನಾಲಿಗೆಗೆ ಸಾಕಾಗಲಿಲ್ಲ. ಚಾದಂಗಡಿಯಲ್ಲಿ, ಮದುವೆಮನೆಯಲ್ಲಿ, ನಾಲ್ಕು ಜನ ಸೇರಿದಲ್ಲೆಲ್ಲ — ನಮ್ಮ ವಸಂತನಿಗೆ ಮಾಷ್ ಅವರ ಅಶರೀರವಾಣಿ ಕೇಳಿದ ಕಥೆ! ಜನ ಬಿದ್ದು ಬಿದ್ದು ನಕ್ಕರು. ವಸಂತನೂ ನಗುತ್ತಿದ್ದ. ಆಮೇಲೆ ದುಬೈಗೆ ಹೋದ, ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸ ಮಾಡಿದ.

ಈಗ ಊರಿಗೆ ಮರಳಿದ್ದಾನೆ. ಮತ್ತೆ ಒಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಿದ್ದಾನೆ. ನೋಡಿದೆ — ಒಂದು ವೈರು ಅಡ್ಡಾದಿಡ್ಡಿ ಇಲ್ಲ, ಒಂದು ಬೆಸುಗೆ ಮಂಕಾಗಿಲ್ಲ. ನನ್ನಿಂದ ಈಗಲೂ ಅಂಥದ್ದು ಆಗದು. ಆದರೆ ಕರೆಂಟು ಕೊಡಲು ಅವನಿಗೆ ಧೈರ್ಯವಿಲ್ಲ. ‘ಅಳತೆ ನೀನೇ ಮಾಡು ಮಾರಾಯ, ನನ್ನ ಕಿವಿ ಗೊತ್ತುಂಟಲ್ಲ’ ಎಂದು ಫೋನ್ ಮಾಡಿದ. ಹೋದೆ. ನೀನೇ ಮಾಡು, ನಾನು ಹತ್ತಿರ ಇರುತ್ತೇನೆ ಎಂದು ಒತ್ತಾಯಿಸಿ ಕೂರಿಸಿದೆ.

ಅಯ್ಯೋ, ಆ ಬೆಳಗ್ಗೆ! ಹೆಂಡತಿಯನ್ನು ತವರಿಗೆ ಕಳಿಸಿದ್ದ. ಫ್ಯಾನು ಬಂದ್, ಕಿಟಕಿ ಬಂದ್, ನನ್ನ ಫೋನೂ ಬಂದ್. ಬೆವರು ಇಳಿಯುತ್ತಿದೆ. ಕಡ್ಡಿ ಒಳಗಿಡುವುದು, ತೆಗೆಯುವುದು. ‘ಈಗ ನೀನು ಎಂತಾದ್ರೂ ಹೇಳಿದ್ಯಾ?’ ಇಲ್ಲ ಮಾರಾಯ. ಮತ್ತೆ ಇಡುವುದು, ತೆಗೆಯುವುದು. ‘ಹೊರಗೆ ಯಾರೋ ಕರೆದ್ರಾ?’ ಮೀನಿನವನ ಹಾರ್ನ್! ‘ನಿನಗೂ ಕೇಳಿತಾ?’ ಇಡೀ ಶಿರಿಯಕ್ಕೆ ಕೇಳಿತು! ‘ಸತ್ಯವಾಗಿಯೂ?’ ನನ್ನ ತಲೆ ಕೆಟ್ಟುಹೋಯಿತು. ಒಬ್ಬ ಮನುಷ್ಯ ಮೀನಿನ ಹಾರ್ನಿಗೂ ಸಾಕ್ಷಿ ಕೇಳುವುದೆಂದರೆ! ಯಾರು ಇವನನ್ನು ಹೀಗೆ ಮಾಡಿದ್ದು ಎಂದು ಸಿಟ್ಟು ಬಂತು. ಯಾರು ಎಂದು ಗೊತ್ತಿದ್ದದ್ದರಿಂದಲೇ ಇನ್ನಷ್ಟು ಬಂತು.

‘ಸಾಕು ಮಾರಾಯ! ನಿನ್ನ ಕಿವಿಗೆ ಎಂತದ್ದೂ ಆಗ್ಲಿಲ್ಲ! ಅವತ್ತು ನಾನೇ ಕೂಗಿದ್ದು!’

ನೋಡಿ, ಧರ್ಮಬುದ್ಧಿಯಿಂದ ಹೇಳಿದ್ದಲ್ಲ. ಕಿರಿಕಿರಿ ತಡೆಯಲಾರದೆ ಬಾಯಿಂದ ಬಿದ್ದದ್ದು. ಇದನ್ನೂ ಒಪ್ಪಿಕೊಳ್ಳುತ್ತೇನೆ.

ವಸಂತ ಅಲುಗಾಡಲಿಲ್ಲ. ಎಡಗೈ ಬೆನ್ನ ಹಿಂದೆಯೇ ಇತ್ತು. ಕಡ್ಡಿಯನ್ನು ನಿಧಾನವಾಗಿ ಹೊರಗೆ ತೆಗೆದ. ಸ್ವಿಚ್ ಆರಿಸಿ ಪ್ಲಗ್ ಎಳೆದ. ಕೆಪಾಸಿಟರುಗಳಲ್ಲಿ ಉಳಿದದ್ದನ್ನು ರೆಸಿಸ್ಟರ್ ಕಟ್ಟಿದ ವೈರಿನಿಂದ ಇಳಿಸಿದ. ಸೊನ್ನೆಗೆ ಬಂತೇ ಎಂದು ಮೀಟರಿನಲ್ಲಿ ನೋಡಿದ, ಇನ್ನೊಮ್ಮೆ ನೋಡಿದ. ನಾನು ಅಷ್ಟು ದೊಡ್ಡ ಮಾತು ಕೂಗಿದ್ದೆ, ಅವನ ಕೈ ಕ್ರಮ ತಪ್ಪಲಿಲ್ಲ. ಈ ಕೈಯನ್ನು ನಾನು ದುಬೈಯ ಅಂಗಡಿಯಲ್ಲಿ ಸಾಬೂನು ಜೋಡಿಸಲು ಕಳಿಸಿದ್ದೆ. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, ‘ನನ್ನಲ್ಲಿ ಹೇಳಿ ಎಂತ ಪ್ರಯೋಜನ? ನಗಾಡಿದವರಿಗೆ ಹೇಳು. ಈಗ ಹೋಗು’ ಎಂದ.

ಹೋದೆ. ಚಾದಂಗಡಿಯಲ್ಲಿ ಹೇಳಿದೆ. ಅವರು ಮತ್ತೆ ನಕ್ಕರು! ‘ನೀನು ಭಾರೀ ಜನ ಮಾರಾಯ’ ಎಂದು ನನ್ನ ಬೆನ್ನು ತಟ್ಟಿದರು. ಇಂಥವರಿಗೆ ಏನು ಹೇಳುವುದು? ಇವರಿಗೆ ನಗಲು ಕಲಿಸಿದವನು ನಾನೇ ತಾನೆ. ಅದಕ್ಕೇ ಬರೆಯುತ್ತಿದ್ದೇನೆ — ಓದುವಾಗಲಾದರೂ ಯಾರೂ ಬೆನ್ನು ತಟ್ಟಲಾರರು ಎಂದು. ವಸಂತ ಅಳತೆಯನ್ನು ತಾನೊಬ್ಬನೇ ಮುಗಿಸಿದನಂತೆ, ಅದರಲ್ಲಿ ಗಿಟಾರ್ ಕೇಳಿಸುತ್ತದಂತೆ. ಅವನು ನನ್ನನ್ನು ಕರೆದಿಲ್ಲ. ಕರೆಯಬೇಕೆಂದೂ ಇಲ್ಲ.

ಒಬ್ಬರಿಗೆ ಮಾತ್ರ ಇನ್ನು ಹೇಳಲಾಗದು. ಮಾಷ್ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ, ರಜೆಯಲ್ಲಿ ಬಂದಿದ್ದ ವಸಂತ ನೋಡಲು ಹೋಗಿದ್ದ. ಅವರು ಅವನ ಕೈ ಹಿಡಿದುಕೊಂಡು, ‘ಕಿವಿ ಈಗ ಹೇಗುಂಟು ವಸಂತ?’ ಎಂದು ಕೇಳಿದರು. ಅವರಿಗೆ ಸಮಾಧಾನವಾಗಲಿ ಎಂದು ಅವನು, ‘ಮದ್ದು ಮಾಡಿದೆ ಮಾಷೇ, ಈಗ ಎಂತದ್ದೂ ತೊಂದರೆ ಇಲ್ಲ’ ಎಂದ. ನಾನು ಮಂಚದ ಇನ್ನೊಂದು ಬದಿಯಲ್ಲಿ ನಿಂತಿದ್ದೆ. ಎರಡೂ ಮಾತು ಕೇಳಿಸಿಕೊಂಡೆ.