ಮೂರನೆಯ ದಿನದ ಹೂವು

ಅಬ್ಬಾ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ಅಣ್ಣ ಸೌದಿಯಿಂದ ಬಂದ. ಅಲ್ಲಿ ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸ ಅವನದು. ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇರುತ್ತಿತ್ತು. ಅವನು ಮನಸ್ಸು ಮಾಡಿ ಕೊಡುವಷ್ಟರಲ್ಲಿ ಇಲ್ಲಿ ಮಣ್ಣು ಮುಗಿದಿತ್ತು.

ಆ ದಿನ ನಮ್ಮಲ್ಲಿ ಜಿಯಾರತ್. ಗಂಡಸರು ಕುರಾನ್ ಓದಿ, ತೇಯ್ದ ಗಂಧದ ಬಟ್ಟಲಿಗೆ ಒಬ್ಬೊಬ್ಬರೂ ಒಂದು ಹೂವು ಹಾಕಿ ಪಕ್ಕದವರಿಗೆ ದಾಟಿಸುತ್ತಾರೆ. ಆಮೇಲೆ ಅದು ಗೋರಿಗೆ ಹೋಗುತ್ತದೆ. ಹೆಂಗಸರು ನಾವು ಖಬರಸ್ತಾನಕ್ಕೆ ಹೋಗುವವರಲ್ಲ. ನಮ್ಮ ಪರವಾಗಿ ಹೋಗುವುದು ಆ ಹೂವೇ. ಕುರುಬರಹಳ್ಳಿಯ ಹೂವಿನಕ್ಕ ಗುಲಾಬಿ ಬಿಡಿಸಿ ತಂದುಕೊಟ್ಟಿದ್ದಳು. ಗಂಧ ಅಮ್ಮಿಯೇ ತೇಯ್ದಿದ್ದಳು.

ಬಟ್ಟಲು ಕಂಡಕೂಡಲೇ ಅಣ್ಣ ನಿಂತುಬಿಟ್ಟ. ಮನೆಯಲ್ಲಿ ನಾವಾಡುವುದು ಉರ್ದು; ನನಗೆ ಬರೆಯಲು ಬರುವುದು ಕನ್ನಡ, ಹಾಗಾಗಿ ಅವರ ಮಾತೂ ಕನ್ನಡದಲ್ಲೇ.

"ಇದನ್ನ ಎತ್ತಿಡಿ ಮಾಮೂ. ಇದು ದೀನ್‌ನಲ್ಲಿಲ್ಲ, ಧರ್ಮದಲ್ಲಿಲ್ಲ. ಅಲ್ಲಿ ಗೋರಿಗೆ ಒಂದು ಕಲ್ಲು, ಅಷ್ಟೇ. ರಾಜನಿಗೂ ಅಷ್ಟೇ."

"ಏನಪ್ಪಾ, ಅಲ್ಲಿ ಟೈಲ್ಸ್ ಹಾಕ್ತೀಯೋ, ಫತ್ವಾ ಹಾಕ್ತೀಯೋ?" ಎಂದರು ಸೋದರಮಾವ.

ಯಾರೂ ನಗಲಿಲ್ಲ. ಬಟ್ಟಲು ಮುಟ್ಟುವವರೂ ಇರಲಿಲ್ಲ.

ಗಂಡ ಸತ್ತವರು ಮನೆಯೊಳಗೇ ಕಳೆಯುವ ಇದ್ದತ್‌ನಲ್ಲಿದ್ದ ಅಮ್ಮಿ ಹೊರಗೆ ಬರುವಂತಿರಲಿಲ್ಲ. ಪರದೆಯ ಹಿಂದಿನಿಂದಲೇ ಹೇಳಿದಳು: "ಮಣ್ಣು ಹಾಕೋಕೂ ನೀನಿರ್ಲಿಲ್ಲ. ಹೂವಿಗ್ಯಾಕೆ ಅಡ್ಡ ಬರ್ತೀಯ?"

"ನಾನೇನು ಬರೋಕಿಷ್ಟವಿಲ್ದೆ ಕೂತಿದ್ನಾ?" ಅಣ್ಣ ಪರದೆಯತ್ತ ತಿರುಗಿದ. "ರೂಮಲ್ಲಿ ಈಜಿಪ್ಟಿನವರು, ಸುಡಾನಿನವರು, ಎಲ್ಲ ನನ್ನ ಜೊತೆ ಕೂತು ದುವಾ ಮಾಡಿದ್ರು. ಸತ್ತವರಿಗೆ ಅದೊಂದೇ ತಲುಪೋದು ಅಂದ್ರು. ಹೂವು ಗಂಧ ಎಲ್ಲ ಮಾಡಿದ್ರೆ ಗೋರಿಯಲ್ಲಿ ಅಬ್ಬಾಗೇ ಕಷ್ಟ ಆದ್ರೆ?"

ಪರದೆಯ ಈಚೆ ನಾನು ಅಮ್ಮಿಯ ಪಕ್ಕದಲ್ಲೇ ಇದ್ದೆ. ಅವಳ ಮುಖದಲ್ಲಿ ಸಿಟ್ಟು ಹೋಗಿ ಹೆದರಿಕೆ ಬಂದದ್ದನ್ನು ಕಂಡೆ.

"ಅಕ್ಕಾ, ನೀನು ಹೇಳು. ತಗೊಂಡು ಹೋಗ್ಲಾ, ಬೇಡ್ವಾ?" ಮಾವ ಕೇಳಿದರು.

ಅಮ್ಮಿ, "ತಗೊಂಡು ಹೋಗು," ಎಂದಳು.

ಮಾವ ಮೊದಲ ಹೂವು ಹಾಕಿದರು. ಬಟ್ಟಲು ಅಣ್ಣನನ್ನು ಬಿಟ್ಟು ಉಳಿದವರೆಲ್ಲರ ಕೈ ದಾಟಿತು. ಖಬರಸ್ತಾನಕ್ಕೆ ಅವನೂ ಹೋದ, ಬರಿಗೈಯಲ್ಲಿ, ಎಲ್ಲರಿಗಿಂತ ಹಿಂದೆ. ರಜೆ ಮುಗಿದು ಸೌದಿಗೆ ಮರಳಿದ.

ಅಮ್ಮಿ ಇದ್ದಷ್ಟು ವರ್ಷವೂ ಅಬ್ಬಾ ತೀರಿಕೊಂಡ ದಿನಕ್ಕೆ ಹೂವು ಕಳಿಸಿದಳು. ಕಳಿಸಿದಾಗಲೆಲ್ಲ, ಮೊದಲೆಂದೂ ಕೇಳದಿದ್ದವಳು, ನನ್ನ ಮುಖ ನೋಡಿ ಕೇಳುತ್ತಿದ್ದಳು:

"ತಲುಪುತ್ತೆ ಅಲ್ವಾ?"

ನಾನು ಹೂಂ ಅನ್ನುತ್ತಿದ್ದೆ. ಈಗ ಅಮ್ಮಿಯೂ ಇಲ್ಲ. ಹೂವು ಕಳಿಸುವವಳು ನಾನು, ಹೂಂ ಅನ್ನುವವರಿಲ್ಲ.