ಮೈನಸ್ ಟೀಚರ್

ಗಣಿ ನಿಲ್ಲುತ್ತದೆ ಅನ್ನುವ ಸುದ್ದಿ ಬರುವ ಹಿಂದಿನ ಸಂಜೆ ಟೀಚರ್ ನಮ್ಮ ಕ್ವಾರ್ಟರ್ಸಿನ ಕೆಂಪು ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಸೀರೆಯ ಮಂಡಿಯ ಭಾಗವೆಲ್ಲ ಸೀಮೆಸುಣ್ಣ. ಕುದುರೆಮುಖದಲ್ಲಿ ಅವರದು ನಮ್ಮ ಪಕ್ಕದ ಮನೆ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನನಗೆ ನೆಲದ ಮೇಲೇ ಬರೆದು ಹೇಳಿಕೊಡುತ್ತಿದ್ದರು. ಅಮ್ಮ ಗೊಣಗಿದರೆ ತಾವೇ ಬಟ್ಟೆ ಕೇಳಿ ಒರೆಸುತ್ತಿದ್ದರು.

ಅವತ್ತು ಬಡ್ಡಿ ಲೆಕ್ಕ. ಒಬ್ಬ ಒಂದಷ್ಟು ದುಡ್ಡನ್ನು ಒಂದು ದರಕ್ಕೆ, ಉಳಿದದ್ದನ್ನು ಇನ್ನೊಂದು ದರಕ್ಕೆ ಇಡುತ್ತಾನೆ, ಒಟ್ಟು ಇಷ್ಟು ಬಡ್ಡಿ ಬೇಕು ಅಂದರೆ ಎಲ್ಲಿ ಎಷ್ಟು? ನನಗೆ ಉತ್ತರ ಮೈನಸ್ ಬಂತು. ಅಂಗೈಯಲ್ಲಿ ಅಳಿಸಹೊರಟರೆ ಟೀಚರ್ ಕೈ ಹಿಡಿದರು.

"ಇರು ಮಾರಾಯ್ತಿ. ನಾನೇ ಬೇಕಂತ ಹಾಗೆ ಕೊಟ್ಟಿದ್ದು. ನಿನ್ನ ಲೆಕ್ಕ ಸರಿ ಇದೆ. ಅವನು ಕೇಳೋ ಅಷ್ಟು ಬಡ್ಡಿ ಆ ದುಡ್ಡಿಗೆ ಹುಟ್ಟೋದಿಲ್ಲ, ಅಷ್ಟೇ."

ಗಣಿ ನಿಂತ ಮೇಲೆ, ಅಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಕೊನೆಗೆ ಸಿಕ್ಕಿದ್ದು ಮೂರು ಲಕ್ಷ. ಅಸಲು ಮುಟ್ಟದೆ ವರ್ಷಕ್ಕೆ ಮೂವತ್ತಾರು ಸಾವಿರ ಬಡ್ಡಿ ಬಂದರೆ ಕ್ವಾರ್ಟರ್ಸ್ ಬಿಟ್ಟು ಹತ್ತಿರದ ಕಳಸ ಪೇಟೆಯಲ್ಲಿ ಬಾಡಿಗೆ ಮನೆ, ನನ್ನ ಓದು ಎರಡೂ ನಡೆಯುತ್ತಿತ್ತು. ಅಂಚೆ ಕಚೇರಿಯಲ್ಲಿ ಎಂಟು ಪರ್ಸೆಂಟ್, ಬ್ಯಾಂಕಿನಲ್ಲಿ ಒಂಬತ್ತು. ಎಲ್ಲಿ ಎಷ್ಟಿಡಲಿ ಅಂತ ಅಪ್ಪನೇ ಟೀಚರನ್ನು ಕರೆಸಿ ಕೇಳಿದ. ಅವರು ಒಟ್ಟು ದುಡ್ಡಿಗೊಂದು, ಒಟ್ಟು ಬಡ್ಡಿಗೊಂದು ಸಮೀಕರಣ ಬರೆದು ಬಿಡಿಸಿದರು.

"ಬ್ಯಾಂಕಿನಲ್ಲಿ ಹನ್ನೆರಡು ಲಕ್ಷ, ಅಂಚೆ ಕಚೇರಿಯಲ್ಲಿ ಮೈನಸ್ ಒಂಬತ್ತು ಲಕ್ಷ."

"ತಮಾಷೆ ಮಾಡ್ತೀರಾ ಟೀಚರ್?" ಅಂದ ಅಪ್ಪ.

"ಇಲ್ಲ. ಆಗೋದಿಲ್ಲ ಅಂತ ಅರ್ಥ. ಎಲ್ಲಾ ಬ್ಯಾಂಕಿಗೇ ಹಾಕಿದ್ರೂ ಇಪ್ಪತ್ತೇಳು ಸಾವಿರ. ಉಳಿದದ್ದಕ್ಕೆ ದುಡೀಬೇಕು. ಜಾಸ್ತಿ ಕೊಡ್ತೀನಿ ಅನ್ನೋರ ಹತ್ರ ಮಾತ್ರ ಹೋಗ್ಬೇಡಿ."

ಅಪ್ಪ ಹೋದ. ಖಾಸಗಿ ಫೈನಾನ್ಸಿನವನೊಬ್ಬ ಹದಿನೆಂಟು ಪರ್ಸೆಂಟ್ ಅಂದಿದ್ದ. ಎರಡು ವರ್ಷ ಬಡ್ಡಿ ಬಂತು. ಅಷ್ಟರಲ್ಲಿ ನಮ್ಮ ಹಾಗೆ ಟೀಚರೂ ಕಳಸಕ್ಕೆ ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಅಪ್ಪ ಅವರಿಗೆ ಕೇಳುವ ಹಾಗೆಯೇ ಗೆಳೆಯರಿಗೆ, "ಹೋಯ್, ಮೈನಸ್ ಟೀಚರ್ ಬಂದ್ರು, ಜೇಬು ನೋಡ್ಕೊಳ್ಳಿ" ಅನ್ನುತ್ತಿದ್ದ. ಟೀಚರ್ ನನ್ನ ಹತ್ತಿರ ಬಂದು, "ಕಾಲೇಜಿಗೆ ಹೋಗ್ತಿದ್ದೀಯಲ್ಲ, ಸಾಕು" ಅಂದು ಬಸ್ಸು ಹತ್ತುತ್ತಿದ್ದರು.

ಮೂರನೇ ವರ್ಷ ಫೈನಾನ್ಸಿನವ ಬೀಗ ಜಡಿದು ಹೋದ. ಅಸಲೂ ಹೋಯಿತು. ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ಟೀಚರ್ ಮನೆಗೆ ಬಂದರು. ಹಳೆಯದನ್ನು ಎತ್ತಲೇ ಇಲ್ಲ. "ಇವಳ ಡಿಗ್ರಿ ಫೀಸು ನಾನು ಕಟ್ತೀನಿ" ಅಂದರು.

"ಆಡಿಕೊಂಡು ಹೋಗೋಣ ಅಂತ ಬಂದ್ರಾ?" ಅಂದ ಅಪ್ಪ.

ಅಮ್ಮ ತಂದಿಟ್ಟ ಕಾಫಿಯನ್ನು ಕುಡಿಯದೆ ಟೀಚರ್ ಎದ್ದರು. ನನ್ನ ಓದು ಅಲ್ಲಿಗೆ ಮುಗಿಯಿತು.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅವರು ತೀರಿಕೊಂಡರು. ಅಪ್ಪ ಹೋಗಲಿಲ್ಲ, ನಮ್ಮನ್ನೂ ಕಳಿಸಲಿಲ್ಲ. ಟೀಚರ್ ಸತ್ತದ್ದಕ್ಕೆ ನಮ್ಮ ಮನೆಯಲ್ಲಿ ಈವರೆಗೆ ಒಬ್ಬರೂ ಬಾಯಿಬಿಟ್ಟು ಅಯ್ಯೋ ಅಂದಿಲ್ಲ.