ಪೂಜೆಯಾದ ಥೈಲ್ಯಾಂಡ್ ಸೀಬೆ

ಗೆಳೆಯರೇ, ಇವತ್ತು ಬೆಳಿಗ್ಗೆ ಬದುವಿನ ಮೇಲೆ ನಿಂತು ನಾನು ಕೂಗಿದ ಕೂಗಿಗೆ ಇಡೀ ಹುಣಸೂರೇ ಬೆಚ್ಚಿರಬೇಕು!

ಪಕ್ಕದ ಹೊಲದ ಜವರ ನಲವತ್ತು ಥೈಲ್ಯಾಂಡ್ ಸೀಬೆ ಗಿಡ ತಂದಿದ್ದಾನೆ. ಕಡಲು ದಾಟಿ ಬಂದ ಗಿಡಗಳಂತೆ. ರೋಗ, ಹುಳು ಇಲ್ಲವೆಂದು ಪರೀಕ್ಷೆ ಮಾಡಿ ಕೊಟ್ಟ ಸರ್ಟಿಫಿಕೇಟ್ ಎಲ್ಲಿ ಎಂದೆ.

"ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಕೊಂಡೇ ತಂದಿವ್ನಿ. ಏನೂ ಆಗಾಕಿಲ್ಲ ಬುಡಣ್ಣ!"

ಒಂದು ಗಿಡದ ಪ್ಲಾಸ್ಟಿಕ್ ಚೀಲ ಹರಿದು ನೋಡಿದೆ. ಬೇರಿನ ತುಂಬ ಗಂಟು, ಗಂಟು, ಗಂಟು! ಬೇರಿನೊಳಗೆ ಹುಳು ಹೊಕ್ಕಿದೆ. ಅವನ ಹೊಲದ ನೀರು ಇಳಿಯುವುದು ನೇರ ನನ್ನ ಹೊಗೆಸೊಪ್ಪಿನ ಸಸಿಮಡಿಗೆ. ಆ ಹುಳು ಒಮ್ಮೆ ಮಣ್ಣು ಸೇರಿದರೆ ವರ್ಷಗಟ್ಟಲೆ ಬಿಟ್ಟುಹೋಗದು.

"ಲೇ, ಸಂತೇಲಿ ತಂದ ಎಮ್ಮೇನ ಎಂಟು ದಿನ ಬ್ಯಾರೆ ಕಟ್ತೀಯ. ಇವನ್ನ ತಂದ ದಿನವೇ ನೆಡ್ತೀಯೇನ್ಲಾ? ಸುಡು ಎಲ್ಲಾನೂವೆ!" ಎಂದು ಗುಡುಗಿದೆ.

"ಪೂಜೆ ಆಗೋಗದೆ ಕಣಣ್ಣ! ಅರಿಶಿನ ಕುಂಕುಮ ಇಟ್ಟ ಗಿಡಕ್ಕೆ ಬೆಂಕಿ ಇಕ್ತಾರಾ?"

ಆಗ ಬೇವಿನ ಮರದಡಿ ಕೂತಿದ್ದ ಅವನ ತಾಯಿ ಬಾಯಿ ತೆರೆದರು: "ನಿಮ್ಮಪ್ಪನ್ಗೂ ಪೂಜೆ ಮಾಡೇ ಅಲ್ವೇನ್ಲಾ ಬೆಂಕಿ ಇಕ್ಕಿದ್ದು? ಗೀರು ಕಡ್ಡಿ!"

ಒಣ ತೆಂಗಿನ ಗರಿ ಒಟ್ಟಿ ನಲವತ್ತನ್ನೂ ಸುಟ್ಟೆವು. ಜವರ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ! ಮಾತಿಲ್ಲದೆಯೂ ಹೊಗೆಸೊಪ್ಪು ಬೆಳೆಯುತ್ತದೆ, ಬೇರಿಲ್ಲದೆ ಬೆಳೆಯುವುದಿಲ್ಲ.